ಗಾಡಿ ಬಿಸಿ ಆದ್ಮೇಲೆ ನಿಂತಲ್ಲೇ ಆಫ್ ಆಗ್ತಿದೆ, ಸ್ಲೋ ಎಷ್ಟಿಡ್ಬೇಕು?

ಚಾರ್ಮಾಡಿ_ಸವಾರ

ಎಲ್ರಿಗೂ ನಮಸ್ಕಾರ. ನಾನು ಇಲ್ಲಿ ಓದೋದೇ ಜಾಸ್ತಿ ಬರೆಯೋದು ಕಮ್ಮಿ, ಈಗ ತಲೆ ಕೆಟ್ಟು ಹೋಗಿದೆ ಅದಕ್ಕೆ ಬರೀತಿದೀನಿ. ಅಪ್ಪ 2008ರಲ್ಲಿ ತಗೊಂಡ ಸ್ಪ್ಲೆಂಡರ್ ಪ್ಲಸ್ ಈಗ ನನ್ನ ಕೈಗೆ ಬಂದಿದೆ, ಮೀಟರ್ ಪ್ರಕಾರ 71 ಸಾವಿರ ಓಡಿದೆ, ಆದ್ರೆ ಮಧ್ಯ ಎರಡು ವರ್ಷ ಮೀಟರ್ ಕೇಬಲ್ಲೇ ಇರ್ಲಿಲ್ಲ ಹಂಗಾಗಿ ಆ ಲೆಕ್ಕ ನಂಬೋ ಹಂಗಿಲ್ಲ.

ತೊಂದ್ರೆ ಏನಪ್ಪಾ ಅಂದ್ರೆ ಬೆಳಿಗ್ಗೆ ಚೋಕ್ ಹಾಕಿ ಎರಡು ಕಿಕ್ಕಿಗೆ ಸ್ಟಾರ್ಟ್ ಆಗುತ್ತೆ, ಚೋಕ್ ತೆಗೆದ್ರೂ ಆಫ್ ಆಗದೆ ಓಡ್ತಾ ಇರುತ್ತೆ. ಒಂದು ಹತ್ತು ಕಿಲೋಮೀಟರ್ ಓಡಿಸಿ ಬಿಸಿ ಆದ್ಮೇಲೆ ಎಲ್ಲಾದ್ರೂ ನಿಲ್ಸಿದ್ರೆ ಗೊರ್ ಗೊರ್ ಅಂತ ಇಳಿದು ಇಳಿದು ಆಫ್. ಗ್ಯಾರೇಜಲ್ಲಿ ತೋರಿಸ್ದೆ, ಸ್ಲೋ (ಆಕ್ಸಿಲೇಟರ್ ಬಿಟ್ಟಾಗ ಎಂಜಿನ್ ತಾನಾಗೇ ತಿರುಗೋ ವೇಗ) ಏರಿಸಿ ಕೊಟ್ರು. ಒಂದು ವಾರ ಚೆನ್ನಾಗಿತ್ತು, ಆಮೇಲೆ ಕೆಲವು ಸಲ ಆಕ್ಸಿಲೇಟರ್ ಬಿಟ್ರೂ ಯಾರೋ ಹಿಡ್ಕೊಂಡಿರೋ ಥರ ಗುಂಯ್ ಅಂತ ಮೇಲೇ ನಿಲ್ಲುತ್ತೆ, ನಿಧಾನಕ್ಕೆ ಇಳಿಯುತ್ತೆ, ಇನ್ನು ಕೆಲವು ಸಲ ಮೊದಲಿನ ಥರಾನೇ ಆಫ್. ಮತ್ತೆ ಹೋದೆ, ಪ್ಲಗ್ ಬದಲಾಯಿಸಿದ್ರು. ಮತ್ತೆ ಹೋದೆ, ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸೋ ಭಾಗ) ಬಿಚ್ಚಿ ಕ್ಲೀನ್ ಮಾಡಿದ್ರು. ಮೂರು ಸಲಕ್ಕೆ 850 ರೂಪಾಯಿ.

ನಾನು ಇರೋದು ಮೂಡಿಗೆರೆಯಲ್ಲಿ, ವಾರಕ್ಕೊಂದು ಸಲ ಉಜಿರೆಗೆ ಹೋಗ್ಲೇಬೇಕು, ಹೆಂಡ್ತಿ ತವರು. ಮೊನ್ನೆ ಚಾರ್ಮಾಡಿ ಘಾಟಿ ಇಳೀತಾ ಒಂದು ಹೇರ್‌ಪಿನ್ ತಿರುವಲ್ಲಿ ಕ್ಲಚ್ ಹಿಡಿದ ತಕ್ಷಣ ಆಫ್ ಆಯ್ತು, ಹಿಂದೆ ಬಸ್ಸು, ಮುಂದೆ ಮಂಜು. ಹೆಂಡ್ತಿ ಇನ್ನು ಈ ಗಾಡಿ ಹತ್ತಲ್ಲ ಅಂದಿದಾಳೆ. ಸ್ಲೋ ಎಷ್ಟಿರ್ಬೇಕು ಹೇಳಿ, ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು) ಮೀಟರ್ ಇಲ್ಲದ ಗಾಡೀಲಿ ಅದನ್ನ ಅಳೆಯೋದು ಹೆಂಗೆ?

ಹುಬ್ಳಿ_ರೈಡರ್

ಸ್ಲೋ ಸ್ಕ್ರೂ ಇನ್ನರ್ಧ ಸುತ್ತು ಟೈಟ್ ಮಾಡ್ರಿ ಮುಗೀತು. ನಂದೂ ಹಂಗ ಆಗಿತ್ತು, ಈಗ ಒಂದು ವರ್ಷ ಆತು ಏನೂ ಆಗಿಲ್ಲ.

ಬುಲೆಟ್_ತುಮಕೂರು

850 ಕೊಟ್ಟಿದ್ದು ಜಾಸ್ತಿ ಆಯ್ತು ಗುರು. ಸ್ಕ್ರೂಡ್ರೈವರ್ ಒಂದಿದ್ರೆ ಸಾಕಲ್ವ ಇದಕ್ಕೆ.

ಸ್ಪ್ಯಾನರ್_ಹತ್ತು

ಹುಬ್ಳಿಯವರೇ ಬೇಜಾರಾಗ್ಬೇಡಿ, ಅದೇ ಅರ್ಧ ಸುತ್ತು ಗ್ಯಾರೇಜಿನವರು ಆಗ್ಲೇ ಮಾಡಿದಾರೆ ಅದ್ಕೇ ಗುಂಯ್ ಅಂತಿರೋದು. ನಾನು ಹಾಸನದಲ್ಲಿ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷ ಆಯ್ತು, ಸ್ಲೋ ನಿಲ್ತಿಲ್ಲ ಅಂತ ಬರೋ ಹತ್ತು ಗಾಡೀಲಿ ಸ್ಕ್ರೂ ಒಂದೇ ತಿರುಗಿಸಿ ಸರಿ ಹೋಗೋದು ಒಂದೋ ಎರಡೋ. ಸ್ಕ್ರೂ ತಾನಾಗೇ ತಿರುಗಲ್ಲ ಸಾರ್, ಅದಕ್ಕೆ ಸ್ಪ್ರಿಂಗ್ ಇರುತ್ತೆ. ನಿನ್ನೆವರೆಗೂ ಸರಿ ಇದ್ದ ಸ್ಲೋ ಇವತ್ತು ಇಲ್ಲ ಅಂದ್ರೆ ಬದಲಾಗಿರೋದು ಬೇರೆ ಏನೋ, ಅದನ್ನ ಹುಡುಕದೆ ಸ್ಲೋ ಏರ್ಸೋದು ಅಂದ್ರೆ ಸೋರೋ ಸೂರಿಗೆ ಕೆಳಗೆ ಬಕೆಟ್ ಇಟ್ಟ ಹಂಗೆ.

ನಂಬರ್ ಕೇಳಿದ್ರಲ್ಲ, ಸ್ಪ್ಲೆಂಡರಿಗೆ 1400, ಆ ಕಡೆ ಈ ಕಡೆ ನೂರು. ಅಂದ್ರೆ 1300ರಿಂದ 1500ರ ಒಳಗೆ ಎಲ್ಲಿದ್ರೂ ತೊಂದ್ರೆ ಇಲ್ಲ. ಆದ್ರೆ ಇದು ಎಂಜಿನ್ ಪೂರ್ತಿ ಬಿಸಿ ಆದ್ಮೇಲಿನ ಲೆಕ್ಕ, ತಣ್ಣಗಿರುವಾಗ ಸೆಟ್ ಮಾಡಿದ್ರೆ ಬಿಸಿ ಆದ್ಮೇಲೆ ಏರಿ ಕೂತ್ಕೊಳುತ್ತೆ.

ನಂಗೆ ನಾಲ್ಕು ವಿಷಯ ಹೇಳಿ. ಗುಂಯ್ ಅನ್ನುವಾಗ ಹ್ಯಾಂಡಲ್ ತಿರುಗಿಸಿದ್ರೆ ಸೌಂಡ್ ಬದಲಾಗುತ್ತಾ? ಟ್ಯಾಪೆಟ್, ಅಂದ್ರೆ ವಾಲ್ವ್ ಒತ್ತೋ ಕಡೆ ಇರೋ ಸಣ್ಣ ಗ್ಯಾಪ್, ಸೆಟ್ ಮಾಡ್ಸಿ ಎಷ್ಟು ದಿನ ಆಯ್ತು? ಇತ್ತೀಚೆಗೆ ಎಮಿಷನ್ ಟೆಸ್ಟ್ ಮಾಡ್ಸಿದ್ರಾ? ಹಳೇ ಪ್ಲಗ್ ತೆಗೆದಾಗ ಅದರ ಬಣ್ಣ ನೋಡಿದ್ರಾ, ಕಪ್ಪಗಿತ್ತೋ ಬೂದಿ ಥರ ಬೆಳ್ಳಗಿತ್ತೋ?

ಚಾರ್ಮಾಡಿ_ಸವಾರ

ಸಾರ್ ಥ್ಯಾಂಕ್ಸ್. ಹ್ಯಾಂಡಲ್ ತಿರುಗಿಸಿ ನೋಡಿಲ್ಲ ನಾಳೆ ನೋಡ್ತೀನಿ. ಟ್ಯಾಪೆಟ್ ಅಪ್ಪನ್ನ ಕೇಳ್ದೆ, "ಅದಕ್ಕೇನಾಗಿದೆ ಸೌಂಡೇ ಬರ್ತಿಲ್ಲವಲ್ಲ" ಅಂದ್ರು. ಎಮಿಷನ್ ಎರಡು ತಿಂಗಳ ಹಿಂದೆ ಆಯ್ತು, ಮೊದಲನೇ ಸಲ ಫೇಲು, ಆಮೇಲೆ ಅಲ್ಲೇ ಇದ್ದ ಹುಡುಗ ಏನೋ ಒಂದು ಸ್ಕ್ರೂ ತಿರುಗಿಸಿ ಪಾಸ್ ಮಾಡಿಕೊಟ್ಟ. ಪ್ಲಗ್ ಬೆಳ್ಳಗಿತ್ತು ಅಂತ ನೆನಪು, ಗ್ಯಾರೇಜಿನವರು "ಒಳ್ಳೆ ಮೈಲೇಜ್ ಕೊಡ್ತಿದೆ ನೋಡಿ" ಅಂದಿದ್ರು.

ಸ್ಪ್ಯಾನರ್_ಹತ್ತು

ಸೌಂಡ್ ಬರದಿದ್ರೆ ಟ್ಯಾಪೆಟ್ ಸರಿ ಇದೆ ಅಂತಲ್ಲ, ಅದೇ ದೊಡ್ಡ ಮೋಸ. ಟ್ಯಾಪೆಟ್ ಲೂಸ್ ಆದ್ರೆ ಟಿಕ್ ಟಿಕ್ ಅನ್ನುತ್ತೆ, ಟೈಟ್ ಆದ್ರೆ ಸುಮ್ನೆ ಇರುತ್ತೆ. ಟೈಟ್ ಆಗಿ ಗ್ಯಾಪೇ ಇಲ್ಲ ಅಂದ್ಕೊಳ್ಳಿ, ಎಂಜಿನ್ ಬಿಸಿ ಆದಾಗ ವಾಲ್ವ್ ಹಿಗ್ಗುತ್ತಲ್ಲ, ಆಗ ಪೂರ್ತಿ ಮುಚ್ಚಲ್ಲ, ಕಂಪ್ರೆಷನ್ ಸೋರುತ್ತೆ, ಓಡುವಾಗ ಗೊತ್ತಾಗಲ್ಲ ನಿಂತಾಗ ಆಫ್. ಬಿಸಿ ಆದ್ಮೇಲೆ ಮಾತ್ರ ಆಫ್ ಆಗೋ ಗಾಡೀಲಿ ನಾನು ಮೊದಲು ಇದನ್ನ ನೋಡೋದು, ಅದೂ ರಾತ್ರಿಯೆಲ್ಲ ನಿಂತು ತಣ್ಣಗಾದ ಎಂಜಿನ್ನಲ್ಲಿ, ಫೀಲರ್ ಗೇಜ್ (ಗ್ಯಾಪ್ ಅಳೆಯೋ ತೆಳು ಪಟ್ಟಿ) ಹಾಕಿ. ಬೆರಳಲ್ಲಿ ಅಲ್ಲಾಡಿಸಿ ಸರಿ ಇದೆ ಅನ್ನೋರ ಹತ್ರ ಮಾಡಿಸ್ಬೇಡಿ.

ಆದ್ರೆ ನಿಮ್ಮ ಗಾಡಿ ಕಥೆ ಬರೀ ಟ್ಯಾಪೆಟ್ ಥರ ಕಾಣ್ತಿಲ್ಲ. ಆಕ್ಸಿಲೇಟರ್ ಬಿಟ್ಟಾಗ ಮೇಲೇ ನಿಂತು ನಿಧಾನ ಇಳಿಯೋದು, ಪ್ಲಗ್ ಬೆಳ್ಳಗೆ, ಎರಡೂ ಒಂದೇ ಮಾತು ಹೇಳ್ತಿವೆ, ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ, ಅಂದ್ರೆ ಮಿಕ್ಸ್ಚರ್ ಲೀನ್. ಇದೇ ಉಲ್ಟಾ ಇದ್ದು ಆಕ್ಸಿಲೇಟರ್ ಬಿಟ್ಟ ಕೂಡ್ಲೇ ಸ್ಲೋಗಿಂತ ಕೆಳಗೆ ಬಿದ್ದು ಸಾಯೋ ಥರ ಆಗಿ ಆಮೇಲೆ ಎದ್ದು ಬಂದ್ರೆ ಅದು ರಿಚ್, ಅಂದ್ರೆ ಪೆಟ್ರೋಲ್ ಜಾಸ್ತಿ. ಬೆಳ್ಳಗಿನ ಪ್ಲಗ್ ನೋಡಿ ಮೈಲೇಜ್ ಅಂದ್ರಲ್ಲ ಅವರಿಗೆ ದೊಡ್ಡ ನಮಸ್ಕಾರ, ಟೀ ಪುಡಿ ಬಣ್ಣ ಬರ್ಬೇಕು ಸಾರ್ ಪ್ಲಗ್ಗಿಗೆ.

ಎಮಿಷನ್_ಗಾಡಿ

ಎಮಿಷನ್ ಅಂತ ಬಂತಲ್ಲ ಅದಕ್ಕೆ ನಾನೂ ಎರಡು ಮಾತು. ಆರು ವರ್ಷ ಟೆಸ್ಟಿಂಗ್ ಸೆಂಟರಲ್ಲಿ ಕೆಲಸ ಮಾಡಿದೀನಿ. ಕಾರ್ಬ್ಯುರೇಟರ್ ಬೈಕಿಗೆ ನಾವು ಟೆಸ್ಟ್ ಮಾಡೋದೇ ಸ್ಲೋನಲ್ಲಿ, ಸೈಲೆನ್ಸರ್ ಒಳಗೆ ಪೈಪ್ ಇಟ್ಟು ಕಾರ್ಬನ್ ಮಾನಾಕ್ಸೈಡ್ ಎಷ್ಟು ಪರ್ಸೆಂಟ್, ಉರಿಯದ ಹೈಡ್ರೋಕಾರ್ಬನ್ ಎಷ್ಟು ಪಿಪಿಎಂ ಅಂತ. 2000ನೇ ಇಸವಿ ಮಾರ್ಚ್ ಆದ್ಮೇಲಿನ, ಬಿಎಸ್ ಫೋರ್ ಹೊಗೆ ನಿಯಮಕ್ಕಿಂತ ಮುಂಚಿನ ಫೋರ್ ಸ್ಟ್ರೋಕಿಗೆ 3.5 ಪರ್ಸೆಂಟು, 4500 ಪಿಪಿಎಂ ಲಿಮಿಟ್ಟು. ಅದಕ್ಕೂ ಹಳೇ ಗಾಡಿಗಳಿಗೆ 4.5 ಪರ್ಸೆಂಟು, 9000 ಪಿಪಿಎಂ. ಜನ ಏನ್ಮಾಡ್ತಾರೆ ಅಂದ್ರೆ ಪಕ್ಕದ ರೋಡಿಂದ ಗಾಡಿ ತಳ್ಕೊಂಡು ಬಂದು ತಣ್ಣಗಿರೋ ಎಂಜಿನ್ನು ಚೋಕ್ ಎಳೆದು ಸ್ಟಾರ್ಟ್ ಮಾಡಿ ಹೂಂ ಟೆಸ್ಟ್ ಮಾಡಿ ಅಂತಾರೆ, ಅದು ಫೇಲ್ ಆಗ್ದೆ ಇನ್ನೇನಾಗುತ್ತೆ. ಆಮೇಲೆ ಕೆಲವು ಕಡೆ ಮಿಕ್ಸ್ಚರ್ ಸ್ಕ್ರೂ ಲೀನ್ ಕಡೆ ತಿರುಗಿಸಿ ಪಾಸ್ ಮಾಡಿ ಕಳಿಸ್ತಾರೆ, ವಾಪಸ್ ತಿರುಗಿಸೋಕೆ ಯಾರಿಗೂ ನೆನಪಿರಲ್ಲ. ಗಾಡಿ ಸ್ಲೋ ನಿಲ್ಲಲ್ಲ, ಮಾಲೀಕ ಸ್ಲೋ ಏರಿಸ್ತಾನೆ, ಕಥೆ ಶುರು. ಹತ್ತು ನಿಮಿಷ ಓಡಿಸಿ ಬಿಸಿ ಮಾಡ್ಕೊಂಡು ಹೋದ್ರೆ ಸರಿ ಇರೋ ಗಾಡಿ ಏನೂ ಮುಟ್ಟದೆ ಪಾಸ್ ಆಗುತ್ತೆ.

ಚಾರ್ಮಾಡಿ_ಸವಾರ

ಅಯ್ಯೋ ನಂದೂ ಹಂಗೇ ಆಗಿರ್ಬೇಕು. ಹಂಗಾದ್ರೆ ಎರಡು ಸ್ಕ್ರೂ ಇದಾವಾ? ನಾನು ಒಂದೇ ಅಂದ್ಕೊಂಡಿದ್ದೆ.

ಸ್ಪ್ಯಾನರ್_ಹತ್ತು

ಎರಡು ಸಾರ್, ಇದು ಗೊತ್ತಿಲ್ದೇ ಅರ್ಧ ಗಾಡಿಗಳು ಹಾಳಾಗಿರೋದು. ಒಂದು ಸ್ಲೋ ಸ್ಕ್ರೂ, ದೊಡ್ಡದು, ಸ್ಪ್ರಿಂಗ್ ಎದ್ದು ಕಾಣುತ್ತೆ. ಅದು ಕಾರ್ಬ್ಯುರೇಟರ್ ಒಳಗಿನ ಸ್ಲೈಡನ್ನ ಕೆಳಗಿಂದ ಎತ್ತಿ ಹಿಡಿಯುತ್ತೆ ಅಷ್ಟೇ, ನೀವು ಆಕ್ಸಿಲೇಟರ್ ಒಂದು ಕೂದಲೆಳೆ ತಿರುಗಿಸಿ ಹಿಡ್ಕೊಂಡ ಹಂಗೆ, ಬೇರೆ ಏನೂ ಮಾಡಲ್ಲ. ಇನ್ನೊಂದು ಸಣ್ಣದು, ಮಿಕ್ಸ್ಚರ್ ಸ್ಕ್ರೂ, ನಮ್ಮ ಕಡೆ ಏರ್ ಸ್ಕ್ರೂ ಅಂತೀವಿ, ಒಳಗೆ ಹುದುಗಿರುತ್ತೆ. ಸ್ಲೋನಲ್ಲಿ ಗಾಳಿಗೆ ಪೆಟ್ರೋಲ್ ಎಷ್ಟು ಸೇರ್ಬೇಕು ಅನ್ನೋದು ಅದರ ಕೆಲಸ.

ಇದರಲ್ಲೊಂದು ಗುಟ್ಟಿದೆ. ಆ ಸಣ್ಣ ಸ್ಕ್ರೂ ಏರ್ ಫಿಲ್ಟರ್ ಕಡೆ ಇದ್ರೆ ಅದು ಗಾಳಿನ ಹಿಡಿಯೋ ಸ್ಕ್ರೂ, ಟೈಟ್ ಮಾಡಿದ್ರೆ ಗಾಳಿ ಕಮ್ಮಿ ಆಗಿ ರಿಚ್ ಆಗುತ್ತೆ. ಎಂಜಿನ್ ಕಡೆ ಇದ್ರೆ ಅದು ಪೆಟ್ರೋಲ್ ಬೆರೆತ ಮಿಕ್ಸ್ಚರನ್ನೇ ಹಿಡಿಯೋದು, ಟೈಟ್ ಮಾಡಿದ್ರೆ ಲೀನ್. ಪೂರಾ ಉಲ್ಟಾ! ಯಮಹಾದ ಟೂ ಸ್ಟ್ರೋಕ್ ಆರ್‌ಎಕ್ಸ್ 100 ಕಲಿತು ಬಂದ ಹುಡುಗ್ರು ಫೋರ್ ಸ್ಟ್ರೋಕಿಗೆ ಅದೇ ಕೈ ಹಾಕಿ ರಿಚ್ ಮಾಡ್ತೀನಿ ಅಂತ ಲೀನ್ ಮಾಡಿಟ್ಟಿರ್ತಾರೆ. ಯಾವ ಕಡೆ ಇದೆ ನೋಡ್ಕೊಂಡು ಕೈ ಹಾಕಿ.

ಆರ್‌ಎಕ್ಸ್_ಶಿವಮೊಗ್ಗ

ಆರ್‌ಎಕ್ಸ್ ಹೆಸರು ತೆಗೆದ್ರಿ ಅಂತ ಬಂದೆ 😄 ನಂದು 1994ರ ಗಾಡಿ, ಏರ್ ಸ್ಕ್ರೂ ಪೂರ್ತಿ ಒಳಗೆ ಹಾಕಿ ಒಂದೂವರೆ ಸುತ್ತು ಹೊರಗೆ, ಅಲ್ಲಿಂದ ಶುರು ಮಾಡಿ ಕಿವಿ ಹೇಳಿದ ಹಂಗೆ ಕಾಲು ಕಾಲು ಸುತ್ತು. ಮೀಟರ್ ಗೀಟರ್ ಏನೂ ಬೇಡ.

ಕುಡ್ಲ_ಕಿಕ್

ನೀವೆಲ್ಲ ಒಂದು ವಿಷಯ ಬಿಟ್ಟೇ ಬಿಟ್ಟಿದ್ದೀರಿ ಮಾರಾಯ್ರೆ. ಅವರು ಘಟ್ಟದ ಮೇಲೆ ಇರುವುದು, ಮೂಡಿಗೆರೆ 900 ಮೀಟರಿಗೂ ಎತ್ತರ ಉಂಟು. ಅಲ್ಲಿ ಗಾಳಿ ಒತ್ತಡ ನಮ್ಮ ಸಮುದ್ರದ ಬದಿಗಿಂತ ಸುಮಾರು ಹತ್ತು ಪರ್ಸೆಂಟ್ ಕಡಿಮೆ. ಮೇಲೆ ಸೆಟ್ ಮಾಡಿದ ಗಾಡಿ ಕೆಳಗೆ ಬಂದ್ರೆ ಲೀನ್ ಆಗ್ತದೆ, ಕೆಳಗೆ ಸೆಟ್ ಮಾಡಿದ್ದು ಮೇಲೆ ಹೋದ್ರೆ ರಿಚ್. ನನ್ನ ಗಾಡಿ ಮುಳ್ಳಯ್ಯನಗಿರಿ ಹತ್ತುವಾಗ ಪಿಕಪ್ಪೇ ಇಲ್ಲ, ಕಪ್ಪು ಹೊಗೆ. ಕಾರ್ಬ್ಯುರೇಟರಿಗೆ ಏನು ಗೊತ್ತು ಎತ್ತರ ತಗ್ಗು, ಅದು ಅಷ್ಟೇ ಪೆಟ್ರೋಲ್ ಕೊಡ್ತದೆ. ಮತ್ತೆ ಈಗಿನ ಪೆಟ್ರೋಲಲ್ಲಿ 20 ಪರ್ಸೆಂಟ್ ಎಥನಾಲ್ ಬೇರೆ, ಎಥನಾಲಲ್ಲೇ ಆಕ್ಸಿಜನ್ ಇರುವ ಕಾರಣ ಹಳೆ ಕಾರ್ಬ್ಯುರೇಟರ್ ಗಾಡಿ ಇನ್ನೂ ಸ್ವಲ್ಪ ಲೀನ್. ಮಳೆಗಾಲದಲ್ಲಿ ಅದು ನೀರು ಹೀರಿಕೊಳ್ತದೆ, ಟ್ಯಾಂಕ್ ಅಡಿಯಲ್ಲಿ ನೀರು ನಿಂತ್ರೆ ಸ್ಲೋ ಜೆಟ್ಟಿಗೆ (ಸ್ಲೋನಲ್ಲಿ ಪೆಟ್ರೋಲ್ ಹೋಗುವ ಸಣ್ಣ ತೂತಿನ ಭಾಗ) ಬರುವುದೇ ಅದು.

ಸ್ಪ್ಯಾನರ್_ಹತ್ತು

ನಿಜ, ಒಪ್ತೀನಿ, ಆದ್ರೆ ಹತ್ತು ಪರ್ಸೆಂಟಿಗೆ ಸ್ಲೋ ಸ್ವಲ್ಪ ಏರುಪೇರು ಆಗುತ್ತೆ, ಗಾಡಿನೇ ಆಫ್ ಆಗಲ್ಲ. ಇವರ ಗಾಡಿ ಇಷ್ಟು ವರ್ಷ ಅದೇ ಘಾಟಿ ಇಳಿದು ಹತ್ತಿದೆಯಲ್ಲ. ನೀರಿನ ಮಾತು ಮಾತ್ರ ಸರಿ, ಕಾರ್ಬ್ಯುರೇಟರ್ ಕೆಳಗಿನ ಡ್ರೈನ್ ಸ್ಕ್ರೂ ಬಿಚ್ಚಿ ಒಂದು ಒಳಗಿರೋದು ಕಾಣೋ ಬಾಟ್ಲಿಗೆ ಬಿಟ್ಟು ನೋಡಿ, ನೀರಿದ್ರೆ ಕೆಳಗೆ ಬೇರೆ ಪದರ ಕಾಣುತ್ತೆ.

ಹುಬ್ಳಿ_ರೈಡರ್

ಇಷ್ಟೆಲ್ಲ ಯಾಕ್ರಿ. ಸ್ಲೋ ಸ್ವಲ್ಪ ಹೈ ಇದ್ರ ಏನ್ ಆಗ್ತೈತಿ? ನಂದು 1800 ಅದ, ಅರಾಮ್ ಓಡಾಕತ್ತೈತಿ.

ಸ್ಪ್ಯಾನರ್_ಹತ್ತು

ನ್ಯೂಟ್ರಲ್‌ನಿಂದ ಫಸ್ಟಿಗೆ ಹಾಕುವಾಗ ಖಟ್ ಅಂತ ಒದೆಯಲ್ವ ನಿಮ್ಮ ಗಾಡಿ?

ಹುಬ್ಳಿ_ರೈಡರ್

ಒದೀತೈತಿ. ಅದು ಗೇರ್ ಬಾಕ್ಸಿಂದು ಅಂದ್ಕೊಂಡಿದ್ನಿ 🙄

ಸ್ಪ್ಯಾನರ್_ಹತ್ತು

ಸ್ಲೋ ಇಳಿಸಿ ನೋಡಿ, ಅರ್ಧ ಶಬ್ದ ಹೋಗುತ್ತೆ. ಇನ್ನೂ ಇದೆ, ಆಕ್ಸಿಲೇಟರ್ ಬಿಟ್ಟಾಗ ಎಂಜಿನ್ ಗಾಡಿನ ಹಿಡಿಯುತ್ತಲ್ಲ ಆ ಹಿಡಿತ ಕಮ್ಮಿ ಆಗುತ್ತೆ, ಎಲ್ಲಾ ಬ್ರೇಕ್ ಮೇಲೇ ಬೀಳುತ್ತೆ. ಘಾಟಿ ಇಳಿಯೋರಿಗೆ ಇದು ತಮಾಷೆ ಅಲ್ಲ. ಟ್ರಾಫಿಕ್ಕಲ್ಲಿ ಬಿಸಿನೂ ಜಾಸ್ತಿ.

ಬುಲೆಟ್_ತುಮಕೂರು

ನಾನು ಉಲ್ಟಾ, ಆದಷ್ಟು ಕಮ್ಮಿ ಇಟ್ಕೊಂಡಿದೀನಿ. ಹಳೇ ಕಾಸ್ಟ್ ಐರನ್ ಬುಲೆಟ್ಟು, ಡುಗ್... ಡುಗ್... ಡುಗ್... ಅಂತ ಒಂದೊಂದು ಏಟೂ ಎಣಿಸ್ಬಹುದು. ಟೀ ಅಂಗಡಿ ಮುಂದೆ ನಿಲ್ಸಿದ್ರೆ ಎಲ್ರೂ ತಿರುಗಿ ನೋಡ್ತಾರೆ ಗುರು, ಅದಿಲ್ದೇ ಬುಲೆಟ್ ಯಾಕೆ.

ರೋಡ್‌ಕಿಂಗ್_ಮೈಸೂರು

ತಿರುಗಿ ನೋಡ್ತಾರೆ, ಸರಿ. ಆದ್ರೆ ಎಂಜಿನ್ನಿನ ಆಯಿಲ್ ಪಂಪೂ ಅದೇ ವೇಗದಲ್ಲೇ ತಿರುಗೋದು ಮಗ. ಸ್ಲೋ ಸಾವಿರದ ಆಸುಪಾಸು ಇರ್ಬೇಕಾದ ಎಂಜಿನ್ನ ಆರುನೂರಕ್ಕೆ ಇಳಿಸಿ ಹತ್ತು ನಿಮಿಷ ಟೀ ಕುಡಿದ್ರೆ ಮೇಲೆ ವಾಲ್ವ್ ಒತ್ತೋ ರಾಕರ್‌ಗೆ ಆಯಿಲ್ ಸರಿಯಾಗಿ ಹೋಗಲ್ಲ, ಬ್ಯಾಟರಿನೂ ಚಾರ್ಜ್ ಆಗಲ್ಲ. ಶೋಕಿ ಮಾಡ್ಬೇಡಿ ಅಂತ ಹೇಳೋಕೆ ನಾನ್ಯಾರು, ನಾನೇ ಎಂಬತ್ತರ ದಶಕದಲ್ಲಿ ಯೆಜ್ಡಿಯ ಎರಡೂ ಸೈಲೆನ್ಸರ್ ಒಳಗಿನ ಸರಳು ತೆಗೆದು ಸರಸ್ವತಿಪುರಂ ತುಂಬಾ ಓಡಾಡಿದವನು. ಆದ್ರೆ ರಿಪೇರಿ ಖರ್ಚು ಕೊಟ್ಟವನಿಗೆ ಗೊತ್ತು.

ಯೆಜ್ಡಿ ಮಾತು ಬಂತಲ್ಲ ಅಂತ ಹೇಳ್ತೀನಿ. ಇದೇ ನಮ್ಮೂರಲ್ಲಿ ಯೆಜ್ಡಿ ಮಾಡ್ತಿದ್ದ ಐಡಿಯಲ್ ಜಾವಾ ಫ್ಯಾಕ್ಟರಿ ಇತ್ತು, 1961ರಿಂದ ಗಾಡಿ ಮಾಡಿ 1996ರಲ್ಲಿ ಬಾಗಿಲು ಹಾಕ್ತು. ಟೂ ಸ್ಟ್ರೋಕ್ ಗಾಡಿ ಸ್ಲೋನಲ್ಲಿ ಒಂದೇ ಸಮ ಹೊಡ್ಕೊಳಲ್ಲ, ಡಿಂಗ್ ಡಿ-ಡಿಂಗ್ ಡಿಂಗ್ ಅಂತ ಮಧ್ಯ ಮಧ್ಯ ಒಂದು ಏಟು ಬಿಡುತ್ತೆ, ಅದು ತೊಂದ್ರೆ ಅಲ್ಲ ಅದರ ಗುಣ. ಹೊಸದಾಗಿ ತಗೊಂಡ ಹುಡುಗ್ರು ಅದನ್ನ ಮಿಸ್ಸಿಂಗ್ ಅಂದ್ಕೊಂಡು ಸ್ಲೋ ಏರಿಸಿ ಏರಿಸಿ ಗಾಡಿನ ಮಿಕ್ಸಿ ಮಾಡಿಟ್ಟಿರ್ತಾರೆ. ಇನ್ನೊಂದು, ಆಯಿಲ್ ಪೆಟ್ರೋಲಲ್ಲೇ ಬೆರೆಸಿ ಹಾಕೋ ಗಾಡಿ ಅದು, ಘಾಟಿಯಲ್ಲಿ ಆಕ್ಸಿಲೇಟರ್ ಪೂರ್ತಿ ಮುಚ್ಚಿ ಗೇರಲ್ಲಿ ಇಳಿಸಿದ್ರೆ ಪೆಟ್ರೋಲ್ ಬರಲ್ಲ, ಪೆಟ್ರೋಲ್ ಬರದಿದ್ರೆ ಆಯಿಲೂ ಬರಲ್ಲ, ಪಿಸ್ಟನ್ ಒಣಗಿ ಹಿಡ್ಕೊಳುತ್ತೆ. ಆಗುಂಬೆ ಇಳಿಯುವಾಗ ನಾವು ಮಧ್ಯ ಮಧ್ಯ ಕ್ಲಚ್ ಹಿಡಿದು ಒಂದು ಸಲ ರೇಸ್ ಮಾಡ್ತಿದ್ವಿ. ಸ್ಪ್ಲೆಂಡರಿಗೆ ಇದು ಬೇಕಾಗಿಲ್ಲ, ಅದರ ಆಯಿಲ್ ಬೇರೆ ಇರುತ್ತೆ.

ಹೊಸಗಾಡಿ_ಬೆಂಗ್ಳೂರು

ನಂದೊಂದು ಡೌಟ್, ಮಧ್ಯದಲ್ಲಿ ಬಂದಿದ್ದಕ್ಕೆ ಸಾರಿ. ನಂದು ಬಿಎಸ್ ಸಿಕ್ಸ್ ಗಾಡಿ, ಸ್ಲೋ ಸ್ಕ್ರೂ ಹುಡುಕಿ ಹುಡುಕಿ ಸಾಕಾಯ್ತು, ಎಲ್ಲಿರುತ್ತೆ? ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಒಂದೈದು ನಿಮಿಷ ಸ್ಲೋ ಜಾಸ್ತಿ ಇರುತ್ತೆ, ಕಮ್ಮಿ ಮಾಡೋಣ ಅಂತ.

ಸ್ಪ್ಯಾನರ್_ಹತ್ತು

ಹುಡುಕ್ಬೇಡಿ ಸಾರ್ ದಯವಿಟ್ಟು. 2020 ಏಪ್ರಿಲ್ ಆದ್ಮೇಲೆ ಬಂದ ಪೆಟ್ರೋಲ್ ಬೈಕುಗಳು ಹೆಚ್ಚುಕಮ್ಮಿ ಎಲ್ಲಾ ಫ್ಯೂಯೆಲ್ ಇಂಜೆಕ್ಷನ್, ಸ್ಲೋ ನೋಡ್ಕೊಳೋದು ಒಳಗಿರೋ ಕಂಪ್ಯೂಟರ್. ಎಂಜಿನ್ ತಣ್ಣಗಿದೆ ಅಂತ ಸೆನ್ಸರ್ ಹೇಳಿದ್ರೆ ಅದು ತಾನೇ ಸ್ಲೋ ಏರ್ಸುತ್ತೆ, ಬಿಸಿ ಆದ್ಮೇಲೆ ತಾನೇ ಇಳಿಸುತ್ತೆ, ನಿಮ್ಮ ಗಾಡಿ ಸರಿಯಾಗೇ ಇದೆ. ಥ್ರಾಟಲ್ ಬಾಡಿ ಮೇಲೆ ಬಣ್ಣ ಹಚ್ಚಿ ಸೀಲ್ ಮಾಡಿರೋ ಸ್ಕ್ರೂ ಒಂದು ಕಂಡ್ರೆ ಅದನ್ನ ಮುಟ್ಲೇಬೇಡಿ. ಬಿಸಿ ಆದ್ಮೇಲೂ ಏರಿಳಿತ ಇದ್ರೆ ಥ್ರಾಟಲ್ ಬಾಡಿ ಒಳಗೆ ಕಾರ್ಬನ್ ಕೂತಿರುತ್ತೆ, ಕ್ಲೀನ್ ಮಾಡಿಸಿ.

ಚಾರ್ಮಾಡಿ_ಸವಾರ

ಅಪ್‌ಡೇಟ್. ಇವತ್ತು ಭಾನುವಾರ ಅಂತ ಬೆಳಿಗ್ಗೆಯಿಂದ ಇದೇ ಕೆಲಸ. ಡ್ರೈನ್ ಮಾಡ್ದೆ, ನೀರಿಲ್ಲ, ಸ್ವಲ್ಪ ಕಸ ಬಂತು. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸ್ದೆ, ಸೌಂಡ್ ಬದಲಾಗಲ್ಲ. ಆರ್‌ಪಿಎಂ ಅಳೆಯೋಕೆ ಅಂತ ಆನ್‌ಲೈನಲ್ಲಿ ಒಂದು ಸಣ್ಣ ಮೀಟರ್ ತರಿಸಿದೀನಿ, ಪ್ಲಗ್ ವೈರಿಗೆ ಒಂದು ವೈರ್ ಸುತ್ತಿದ್ರೆ ತೋರ್ಸುತ್ತೆ. ಅದು 2700 ತೋರಿಸ್ತು! ಗಾಬರಿಯಾಗಿ ಸ್ಲೋ ಇಳಿಸಿ ಇಳಿಸಿ 1400ಕ್ಕೆ ತಂದೆ, ನಡುಗಿ ನಡುಗಿ ಆಫ್ ಆಯ್ತು, ಈಗ ಸ್ಟಾರ್ಟೇ ನಿಲ್ತಿಲ್ಲ. ಏನು ಮಾಡ್ಲಿ?

ಆರ್‌ಎಕ್ಸ್_ಶಿವಮೊಗ್ಗ

ಅದಕ್ಕೇ ಹೇಳಿದ್ದು ಮೀಟರ್ ಬೇಡ ಅಂತ 😂😂

ಸ್ಪ್ಯಾನರ್_ಹತ್ತು

ನಗ್ಬೇಡಿ, ಇದರಲ್ಲಿ ನಾನೂ ಒಂದ್ಸಲ ಬಿದ್ದಿದ್ದೆ. ಫೋರ್ ಸ್ಟ್ರೋಕ್ ಸಿಂಗಲ್ ಸಿಲಿಂಡರ್ ಅಂದ್ರೆ ಎರಡು ಸುತ್ತಿಗೆ ಒಂದ್ಸಲ ಪೆಟ್ರೋಲ್ ಉರಿಯುತ್ತೆ, ಸರಿನಾ. ಆದ್ರೆ ಇಂಥ ಸಣ್ಣ ಗಾಡಿಗಳಲ್ಲಿ ಸ್ಪಾರ್ಕ್ ಹೊಡಿಯೋಕೆ ಸಿಗ್ನಲ್ ಬರೋದು ಎಂಜಿನ್ ಜೊತೆ ತಿರುಗೋ, ಕರೆಂಟ್ ಮಾಡೋ ಮ್ಯಾಗ್ನೆಟ್ಟಿಂದ, ಅದು ಪ್ರತಿ ಸುತ್ತಿಗೂ ಹೊಡಿಯುತ್ತೆ, ಒಂದು ಸ್ಪಾರ್ಕ್ ಸೈಲೆನ್ಸರಿಗೆ ಹೊಗೆ ಹೋಗೋ ಟೈಮಲ್ಲಿ ಸುಮ್ನೆ ವೇಸ್ಟ್. ನಿಮ್ಮ ಮೀಟರ್ ಎರಡು ಸುತ್ತಿಗೆ ಒಂದು ಸ್ಪಾರ್ಕ್ ಅಂತ ಲೆಕ್ಕ ಹಾಕಿ ಡಬಲ್ ತೋರಿಸ್ತಿದೆ. 2700 ಅಂದಾಗ ನಿಜವಾಗ್ಲೂ ಇದ್ದಿದ್ದು 1350, ನೀವು ಅದನ್ನ 700ಕ್ಕೆ ಇಳಿಸಿದೀರ, ಎಲ್ಲಿಂದ ನಿಲ್ಲುತ್ತೆ. ಮೀಟರಲ್ಲಿ ಒಂದು ಸುತ್ತಿಗೆ ಒಂದು ಸ್ಪಾರ್ಕ್ ಅಂತ ಆಪ್ಷನ್ ಇರುತ್ತೆ, ಟೂ ಸ್ಟ್ರೋಕ್ ಅಂತ ಬರೆದಿರ್ಬಹುದು, ಅದು ಹಾಕಿ.

ಹ್ಯಾಂಡಲ್ ತಿರುಗಿಸಿದಾಗ ಬದಲಾಗಲ್ಲ ಅಂದ್ರೆ ಆಕ್ಸಿಲೇಟರ್ ಕೇಬಲ್ ಎಳೀತಿಲ್ಲ, ಅದು ಬಿಡಿ. ಈಗ ಒಂದು ಪಿಚಕಾರಿನೋ ಇಸ್ತ್ರಿ ಮಾಡೋರ ಸ್ಪ್ರೇ ಬಾಟ್ಲಿನೋ ತಗೊಳ್ಳಿ, ಬರೀ ನೀರು. ಗಾಡಿ ಬಿಸಿ ಮಾಡಿ ಸ್ಲೋನಲ್ಲಿ ಬಿಟ್ಟು, ಕಾರ್ಬ್ಯುರೇಟರಿಂದ ಎಂಜಿನ್ ಹೆಡ್ಡಿಗೆ ಸೇರೋ ಪೈಪಿನ ಎರಡೂ ಜಾಯಿಂಟಿಗೆ ಸಣ್ಣಗೆ ಹೊಡೀರಿ. ಸೌಂಡ್ ಬದಲಾದ್ರೆ ಅಲ್ಲಿಂದ ಗಾಳಿ ಎಳೀತಿದೆ. ಪ್ಲಗ್ ಮೇಲೆ ಹೊಡೀಬೇಡಿ. ವಿಡಿಯೋ ನೋಡ್ಕೊಂಡು ಪೆಟ್ರೋಲು, ಕಾರ್ಬ್ ಕ್ಲೀನರ್ ಸ್ಪ್ರೇ ಬಿಸಿ ಎಂಜಿನ್ ಮೇಲೆ ಹೊಡಿಯೋ ಸಾಹಸ ಬೇಡ, ಬೆಂಕಿ ಹತ್ತುತ್ತೆ.

ಚಾರ್ಮಾಡಿ_ಸವಾರ

ಸಿಕ್ತು!!! ಹೆಡ್ಡಿನ ಕಡೆ ಏನೂ ಆಗ್ಲಿಲ್ಲ, ಕಾರ್ಬ್ಯುರೇಟರ್ ಕಡೆ ಜಾಯಿಂಟಿಗೆ ನೀರು ಬಿದ್ದ ಕೂಡ್ಲೇ ಗೊರ್ ಅಂತ ಒಂದೇ ಸಲ ಇಳೀತು, ಮೂರು ಸಲ ಹೊಡೆದೆ ಮೂರು ಸಲನೂ ಇಳೀತು. ಬಿಚ್ಚಿ ನೋಡಿದ್ರೆ ಅಲ್ಲಿನ ಓ-ರಿಂಗು (ಗಾಳಿ ಸೋರದ ಹಂಗೆ ಹಾಕೋ ರಬ್ಬರ್ ರಿಂಗು) ಚಪ್ಪಟೆ ಆಗಿ ಕಲ್ಲಾಗಿದೆ, ಒಂದು ಕಡೆ ತುಂಡಾಗಿದೆ. ಎರಡು ನಟ್ಟಲ್ಲಿ ಒಂದು ಪೂರ್ತಿ ಟೈಟು, ಇನ್ನೊಂದು ಬೆರಳಲ್ಲೇ ಬಂತು. ಕ್ಲೀನ್ ಮಾಡಿದಾಗ ಹಳೇ ರಿಂಗನ್ನೇ ವಾಪಸ್ ಹಾಕಿದಾರೆ.

ಸ್ಪ್ಯಾನರ್_ಹತ್ತು

ಬಿಸಿ ಆದಾಗ ಲೋಹ ಹಿಗ್ಗಿ ಸಂದು ಬಿಡುತ್ತೆ, ತಣ್ಣಗಿದ್ದಾಗ ಹೇಗೋ ಕೂತಿರುತ್ತೆ. ಬೆಳಿಗ್ಗೆ ಸರಿ ಇದ್ದು ಹತ್ತು ಕಿಲೋಮೀಟರ್ ಆದ್ಮೇಲೆ ಶುರು ಆಗ್ತಿದ್ದಿದ್ದು ಅದಕ್ಕೇ. ಹೊಸ ಓ-ರಿಂಗ್ ಅದೇ ಸೈಜಿಂದು ತಗೊಳ್ಳಿ, ಹಳೇದನ್ನ ಅಂಗಡಿಗೆ ತಗೊಂಡೇ ಹೋಗಿ. ಗಮ್ ಮೆತ್ತಬೇಡಿ, ಅದು ಕರಗಿ ಒಳಗೆ ಹೋಗುತ್ತೆ. ನಟ್ಟು ಒಂದು ಅರ್ಧ ಸುತ್ತು ಈ ಕಡೆ ಒಂದು ಅರ್ಧ ಸುತ್ತು ಆ ಕಡೆ, ಸಮವಾಗಿ, ಒಂದೇ ಕಡೆ ಬಿಗಿದ್ರೆ ಮೂತಿ ಬಾಗುತ್ತೆ. ಟ್ಯಾಪೆಟ್ಟೂ ಒಂದ್ಸಲ ತೋರಿಸ್ಬಿಡಿ.

ಅದಾದ್ಮೇಲೆ ಸೆಟ್ಟಿಂಗು. ಹತ್ತು ಹದಿನೈದು ನಿಮಿಷ ಓಡಿಸಿ ಬನ್ನಿ, ಬರೀ ನಿಂತಲ್ಲೇ ರೇಸ್ ಮಾಡಿ ಬಿಸಿ ಮಾಡಿದ್ರೆ ಸಾಲಲ್ಲ ಆಯಿಲೂ ಬಿಸಿ ಆಗ್ಬೇಕು. ಚೋಕ್ ಪೂರ್ತಿ ಕೆಳಗಿದೆಯಾ ನೋಡಿ. ಗಾಡಿನ ಸೆಂಟರ್ ಸ್ಟ್ಯಾಂಡ್ ಹಾಕಿ, ಸೈಡ್ ಸ್ಟ್ಯಾಂಡಲ್ಲಿ ವಾಲಿದ್ರೆ ಕಾರ್ಬ್ಯುರೇಟರಲ್ಲಿ ಪೆಟ್ರೋಲ್ ಮಟ್ಟ ಬದಲಾಗುತ್ತೆ. ಎಂಜಿನ್ ಆಫ್ ಇದ್ದಾಗ ಮಿಕ್ಸ್ಚರ್ ಸ್ಕ್ರೂ ಈಗ ಎಷ್ಟು ಸುತ್ತಲ್ಲಿದೆ ಎಣಿಸಿ ಬರ್ಕೊಳ್ಳಿ, ಮೆತ್ತಗೆ ಒಳಗೆ ಕೂರೋವರೆಗೂ ಮಾತ್ರ, ಬಿಗಿದ್ರೆ ತುದಿ ಮುರಿದು ಕಾರ್ಬ್ಯುರೇಟರೇ ಹೋಗುತ್ತೆ. ವಾಪಸ್ ಅಷ್ಟೇ ಬಿಚ್ಚಿ ಸ್ಟಾರ್ಟ್ ಮಾಡಿ. ಸ್ಲೋ ಸ್ವಲ್ಪ ಏರಿಸಿ 1600ರ ಹತ್ರ ಇಡಿ. ಈಗ ಸಣ್ಣ ಸ್ಕ್ರೂ ಕಾಲು ಸುತ್ತು ತಿರುಗಿಸಿ, ಐದು ಸೆಕೆಂಡು ಕಾಯಿರಿ, ಮತ್ತೆ ಕಾಲು. ಒಂದು ಕಡೆ ಹೋಗ್ತಾ ಹೋಗ್ತಾ ಸೌಂಡ್ ಏರುತ್ತೆ, ಆಮೇಲೆ ನಿಂತು ಇಳಿಯೋಕೆ ಶುರು. ಎಲ್ಲಿ ಅತಿ ಹೆಚ್ಚು ಏರಿ ನುಣ್ಣಗೆ ಓಡುತ್ತೋ ಅದೇ ಜಾಗ, ಸ್ಕ್ರೂ ಯಾವ ಥರದ್ದು ಅಂತ ಗೊತ್ತಿಲ್ದಿದ್ರೂ ಈ ವಿಧಾನ ತಪ್ಪಲ್ಲ. ಆಮೇಲೆ ಸ್ಲೋ ಸ್ಕ್ರೂನಿಂದ 1400ಕ್ಕೆ ಇಳಿಸಿ. ಒಂದು ಸಲ ರೇಸ್ ಮಾಡಿ ಬಿಡಿ, ನೇರ ಬಂದು 1400ಕ್ಕೆ ಕೂರ್ಬೇಕು, ಮೇಲೆ ನೇತಾಡಬಾರ್ದು ಕೆಳಗೆ ಮುಳುಗಬಾರ್ದು.

ಎಮಿಷನ್_ಗಾಡಿ

ಇಷ್ಟು ಮಾಡಿ ಟೆಸ್ಟಿಗೆ ಬನ್ನಿ, ಪಾಸ್ ಆಗದಿದ್ರೆ ಕೇಳಿ.

ಹುಬ್ಳಿ_ರೈಡರ್

ಸ್ಪ್ಯಾನರ್ ಅಣ್ಣಾರ, ನಂದು 1800ದಿಂದ 1400ಕ್ಕ ಇಳಿಸಿದೆ. ಖಟ್ ಅನ್ನೋದು ಹೋತು ಖರೇ. ಆದ್ರ ಸಿಗ್ನಲ್‌ನ್ಯಾಗ ಬಂದ್ ಆಗಾಕತ್ತೈತಿ. ಅಂದ್ರ ನಂದೂ ಎಲ್ಲೋ ಗಾಳಿ ಎಳೀತೈತೇನ್ರಿ?

ಸ್ಪ್ಯಾನರ್_ಹತ್ತು

ಒಂದು ವರ್ಷದಿಂದ ಏನೂ ಆಗಿಲ್ಲ ಅಂದಿದ್ರಿ 😊 ಸ್ಪ್ರೇ ಬಾಟ್ಲಿ ತಗೊಳ್ಳಿ. ಏನೂ ಸಿಗದಿದ್ರೆ ಸ್ಲೋ ಜೆಟ್ಟು ಕಟ್ಟಿರುತ್ತೆ, ಅದನ್ನ ಬಿಚ್ಚಿ ತೂತು ಬೆಳಕಿಗೆ ಹಿಡಿದು ನೋಡಿ. ದಪ್ಪ ತಂತಿ ಚುಚ್ಬೇಡಿ, ಹಿತ್ತಾಳೆ ಮೆತ್ತಗಿರುತ್ತೆ ತೂತು ದೊಡ್ಡದಾಗುತ್ತೆ. ಗಾಳಿ ಹೊಡೆಸಿ.

ಚಾರ್ಮಾಡಿ_ಸವಾರ

ಕೊನೆಗೂ ಮುಗೀತು. ಓ-ರಿಂಗ್ 20 ರೂಪಾಯಿ. ಟ್ಯಾಪೆಟ್ ತೋರಿಸ್ದೆ, ಎಕ್ಸಾಸ್ಟ್ ಕಡೇದು ಗೇಜ್ ಒಳಗೇ ಹೋಗ್ಲಿಲ್ಲವಂತೆ, ಸರಿ ಮಾಡಿದ್ರು. ಮಿಕ್ಸ್ಚರ್ ಸ್ಕ್ರೂ ಎಣಿಸಿದ್ರೆ ಮುಕ್ಕಾಲು ಸುತ್ತಲ್ಲಿತ್ತು, ಈಗ ಎರಡು ಸುತ್ತಿನ ಹತ್ರ ಚೆನ್ನಾಗಿ ಓಡ್ತು ಅಲ್ಲೇ ಬಿಟ್ಟೆ. ಸ್ಲೋ 1400. ನಿನ್ನೆ ಉಜಿರೆಗೆ ಹೋಗಿ ಬಂದೆ, ಘಾಟೀಲಿ ಬೇಕಂತಲೇ ತಿರುವಿಗೆ ತಿರುವಿಗೆ ಕ್ಲಚ್ ಹಿಡಿದು ನೋಡ್ದೆ, ಒಂದ್ಸಲನೂ ಆಫ್ ಆಗ್ಲಿಲ್ಲ. ಕೆಳಗೆ ಹೋದ್ಮೇಲೆ ಮೀಟರಲ್ಲಿ ಒಂದೈವತ್ತು ವ್ಯತ್ಯಾಸ ಕಂಡಿತು ಅಷ್ಟೇ, ಕುಡ್ಲದವರು ಹೇಳಿದ್ದೂ ಸುಳ್ಳಲ್ಲ. ಹೆಂಡ್ತಿ ಇನ್ನೂ ಹತ್ತಿಲ್ಲ, ಮುಂದಿನ ವಾರ ನೋಡೋಣ ಅಂದಿದಾಳೆ.

ಆದ್ರೆ ಇವತ್ತು ಸಂಜೆ ತೋಟದಿಂದ ಬಂದ್ರೆ ಗಾಡಿ ಮತ್ತೆ ಗುಂಯ್ ಅಂತಿದೆ. ಎದೆ ಝಲ್ ಅಂತು. ನೋಡಿದ್ರೆ ಅಪ್ಪ, "ನಿಂತಾಗ ಹೆಡ್‌ಲೈಟ್ ಡಿಮ್ ಆಗ್ತಿತ್ತು ಕಣೋ, ಸ್ಲೋ ಒಂಚೂರು ಏರಿಸಿದೀನಿ" ಅಂದ್ರು.

ಸ್ಪ್ಯಾನರ್_ಹತ್ತು

ಆ ಗಾಡೀಲಿ ಹೆಡ್‌ಲೈಟ್ ನೇರ ಮ್ಯಾಗ್ನೆಟ್ಟಿಂದ ಉರಿಯೋದು, ಸ್ಲೋನಲ್ಲಿ ಡಿಮ್ ಆಗ್ಲೇಬೇಕು ಅಂತ ಹೇಳಿ ಅವರಿಗೆ.

ರೋಡ್‌ಕಿಂಗ್_ಮೈಸೂರು

ಹೇಳಿದ್ರೆ ಕೇಳಲ್ಲ. ಸ್ಕ್ರೂಡ್ರೈವರ್ ಬಚ್ಚಿಡಿ.